ಮುಚ್ಚಳದ ಮೇಲೆ ನಿಂತ ಗುರುಲಿಂಗ

ರಕ್ಷಣೆಯ ಸಲಕರಣೆ ಇಲ್ಲದೆ ಮನುಷ್ಯನನ್ನು ಮಲದ ಟ್ಯಾಂಕಿಗೆ ಇಳಿಸುವುದು ಈ ದೇಶದಲ್ಲಿ ೨೦೧೩ರಿಂದ ಜೈಲಿಗೆ ಹಾಕುವಂಥ ಅಪರಾಧ. ಇದು ನಿಮಗೆ ಗೊತ್ತಿರಬೇಕಿತ್ತು. ಬಾಹ್ಯಾಕಾಶ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇರುವವರು ತಮ್ಮ ಮೂತ್ರ, ಬೆವರನ್ನೇ ಶುದ್ಧಮಾಡಿಕೊಂಡು ಮತ್ತೆ ಕುಡಿಯುತ್ತಾರೆ ಎಂಬುದು ನಿಮಗೆ ಗೊತ್ತಿದೆ, ನಿಮ್ಮ ಮಕ್ಕಳಿಗೂ ಗೊತ್ತಿದೆ. ಮೊದಲು ಹೇಳಿದ್ದನ್ನು ಮಾತ್ರ ಯಾರೂ ಮಕ್ಕಳಿಗೆ ಹೇಳಿಕೊಡುವುದಿಲ್ಲ.

ಗೋವಾದ ಕಾಣಕೋಣದಿಂದ ಮುಂದೆ, ಸಮುದ್ರದೊಳಕ್ಕೆ ಚಾಚಿಕೊಂಡ ಗುಡ್ಡವೊಂದರ ತುದಿಗೆ ಒಂದು ರೆಸಾರ್ಟ್ ಇದೆ. ಅರವತ್ತನಾಲ್ಕು ಖೋಲಿ. ಅಲ್ಲಿಗೆ ಪಂಚಾಯತಿಯ ನಲ್ಲಿ ಹತ್ತುವುದಿಲ್ಲ, ಅಲ್ಲಿಂದ ಚರಂಡಿಯ ಪೈಪು ಇಳಿಯುವುದಿಲ್ಲ. ಗುಡ್ಡದ ಬುಡದ ಬಾವಿಯಿಂದ ಏರಿದ ನೀರು ಖೋಲಿಗಳನ್ನೆಲ್ಲ ಸುತ್ತಿ, ಕೊಳೆಯಾಗಿ, ಹಿತ್ತಲಿನ ಟ್ಯಾಂಕುಗಳಲ್ಲಿ ತೊಳೆಸಿಕೊಂಡು, ಮತ್ತೆ ಸಂಡಾಸಿಗೂ ಹುಲ್ಲಿಗೂ ಹೋಗಬೇಕು. ಸ್ವಾಗತದ ಕೋಣೆಯಲ್ಲಿ ಬಿಳಿ ಉಡುಪಿನ ಗಗನಯಾತ್ರಿಯ ಆಳೆತ್ತರದ ಚಿತ್ರ ನಿಲ್ಲಿಸಿ, 'ನಾವೂ ಹೀಗೆಯೇ ಬದುಕುತ್ತೇವೆ, ಒಂದು ಹನಿಯೂ ವ್ಯರ್ಥವಿಲ್ಲ' ಎಂದು ಬರೆಸಿದ್ದರು. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಹನಿ ವ್ಯರ್ಥವಾಗದಂತೆ ನೋಡಿಕೊಳ್ಳುತ್ತಿದ್ದವನು ಸಿಂದಗಿ ಕಡೆಯ ಗುರುಲಿಂಗ. ಅವನ ಪಕ್ಕ ನಿಂತು ಯಾರೂ ತೆಗೆಸಿಕೊಳ್ಳಲಿಲ್ಲ.

"ರಾಕೆಟ್‌ನಾಗ ಇರೋರು ತಮ್ಮದು ತಾವ ತೊಳಕೋತಾರ," ಎಂದು ಅವನ ಹೆಂಡತಿ ಸುಂದರವ್ವ, ಅದೇ ರೆಸಾರ್ಟಿನಲ್ಲಿ ಹಾಸಿಗೆ ವಸ್ತ್ರ ಒಗೆಯುವವಳು, ಲಾಂಡ್ರಿಯ ಹೆಂಗಸರ ಮುಂದೆ ಹೇಳಿ ನಗುತ್ತಿದ್ದಳು. "ಇಲ್ಲಿ ಊರ ಮಂದೀದೆಲ್ಲಾ ನಮ್ಮ ಮನಿಯವ್ರು ತೊಳೀತಾರ. ಹಂಗಾರ ಯಾರು ದೊಡ್ಡವ್ರು ಹೇಳ್ರಿ?"

ಗುರುಲಿಂಗ ಈ ಕೆಲಸವನ್ನು ಯಾವ ಶಾಲೆಯಲ್ಲೂ ಕಲಿತವನಲ್ಲ. ಹದಿನಾರು ವರ್ಷದ ಹಿಂದೆ ಇದೇ ಟ್ಯಾಂಕುಗಳ ತಗ್ಗು ತೋಡಲು ಬಂದ ಕೂಲಿಗಳಲ್ಲಿ ಒಬ್ಬ. ಕಟ್ಟಡ ಮುಗಿದು ಉಳಿದವರೆಲ್ಲ ಬೇರೆ ಸೈಟಿಗೆ ಹೋದರು. ಯಾವ ಪೈಪು ಯಾವ ಗೋಡೆಯೊಳಗೆ ಹೋಗಿದೆ ಎಂದು ಬಾಯಿಪಾಠ ಹೇಳಬಲ್ಲವನು ಇವನೊಬ್ಬನೇ ಎಂದು ಇವನನ್ನು ಉಳಿಸಿಕೊಂಡರು. ಮೊದಲ ವರ್ಷ ಮಳೆಗಾಲದಲ್ಲಿ ಗಿರಾಕಿಗಳಿಲ್ಲದೆ ಟ್ಯಾಂಕಿನೊಳಗಿನ ಹುಳಗಳು ಸತ್ತವು. ಕೊಳೆಯನ್ನು ತಿಂದು ನೀರು ತಿಳಿಗೊಳಿಸುವ, ಕಣ್ಣಿಗೆ ಕಾಣದ ಆ ಜೀವಿಗಳಿಗೆ ಅವನು ಹುಳ ಎಂದೇ ಹೇಳುವುದು. ಎಂಜಿನಿಯರು ಬರುವ ತನಕ ಕಾಯದೆ ಒಂದು ಬುಟ್ಟಿ ಸಗಣಿ, ಎರಡು ಅಚ್ಚು ಬೆಲ್ಲ ಕದಡಿ ಹಾಕಿದ. ವಾರ ಎರಡು ವಾರಕ್ಕೆ ಹುಳ ಮತ್ತೆ ಕೂಡಿಕೊಂಡವು. ದಿನಾ ಬೆಳಿಗ್ಗೆ ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿ ಗುಳ್ಳೆ ಏಳುವ ಟ್ಯಾಂಕಿನ ನೀರು ತುಂಬಿ ಕಟ್ಟೆಯ ಮೇಲಿಡುತ್ತಿದ್ದ. ಅರ್ಧ ತಾಸಿನಲ್ಲಿ ಬಗ್ಗಡ ಎಷ್ಟು ತಳಕ್ಕೆ ಕೂತಿತು, ಮೇಲಿನ ನೀರು ಎಷ್ಟು ತಿಳಿಯಾಯಿತು ನೋಡಿ, ಗಾಳಿ ಊದುವ ಯಂತ್ರವನ್ನು ಎಷ್ಟು ಹೊತ್ತು ಬಿಡಬೇಕೆಂದು ಹೇಳುತ್ತಿದ್ದ. ತಿಂಗಳಿಗೊಮ್ಮೆ ಬರುವ ಎಂಜಿನಿಯರು ಅವನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗುತ್ತಿದ್ದ.

ಇಷ್ಟು ತಿಳಿದ ಮನುಷ್ಯ ಒಂದು ತಪ್ಪು ಮಾಡಿದ. ಅಂಥ ತಪ್ಪನ್ನು ಅವನ ಊರಿನವರು ಮಾತ್ರ ಮಾಡಲು ಸಾಧ್ಯ.

ಅವನ ಮನೆತನ ಹಗೇವು ತೆಗೆಯುವವರದು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕೋಣೆ. ಬಾಯಿ ಒಬ್ಬ ಮನುಷ್ಯ ಹಿಡಿಸುವಷ್ಟು, ಒಳಗೆ ಎರಡಾಳು ಆಳ. ತಿಂಗಳುಗಟ್ಟಲೆ ಮುಚ್ಚಿದ್ದನ್ನು ತೆಗೆದೊಡನೆ ಇಳಿದವನು ಉಸಿರುಗಟ್ಟಿ ಸಾಯುತ್ತಾನೆ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ಕಂದೀಲು ಆರಿದರೆ ಇಳಿಯಬಾರದು, ಉರಿದರೆ ಇಳಿಯಬಹುದು. ಅಜ್ಜ, ಅಪ್ಪ ಎಲ್ಲರ ಜೀವ ಈ ಕಂದೀಲು ಕಾಯ್ದಿತ್ತು. ಗುರುಲಿಂಗನೂ ಹದಿನೈದರ ವಯಸ್ಸಿನಿಂದ ಅದನ್ನು ನಂಬಿಕೊಂಡೇ ಇಳಿದು ಬಂದವನು. ಗೋವಾಕ್ಕೆ ಬಂದ ಮೇಲೂ ಯಾವ ಟ್ಯಾಂಕಿಗೆ ಇಳಿಯಬೇಕಾದರೂ ಅವನು ಮೊದಲು ಕೇಳುತ್ತಿದ್ದದ್ದು ಕಂದೀಲು. ಜೊತೆಗಾರರು ನಕ್ಕರೂ ಅವನ ದಾರಿಯನ್ನೇ ಹಿಡಿದರು.

ನಾಲ್ಕು ವರ್ಷದ ಹಿಂದೆ ಪರ್ವರಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮಲದ ಟ್ಯಾಂಕು ಕಟ್ಟಿಕೊಂಡಿತು. ಕಂತ್ರಾಟುದಾರ ಕರೆದನೆಂದು ರಜೆ ಹಾಕಿ ಹೋದ. ಜೊತೆಗೆ ಅವನದೇ ಓಣಿಯ ಪರಶು. ಗುರುಲಿಂಗ ಕಂದೀಲು ಇಳಿಬಿಟ್ಟ. ಜ್ವಾಲೆ ಅಲ್ಲಾಡದೆ ಉರಿಯಿತು. "ಇಳಿ," ಎಂದ. ಪರಶು ಏಣಿಯ ನಾಲ್ಕು ಮೆಟ್ಟಿಲು ಇಳಿದ. "ಈಗ ವಾಸನೀನೂ ಇಲ್ಲಪಾ," ಎಂದು ಮೇಲೆ ನೋಡಿ ಹೇಳಿದ. ಐದನೆಯ ಮೆಟ್ಟಿಲಿಗೆ ಕೈ ಬಿಟ್ಟ.

ಕಂತ್ರಾಟುದಾರ ಎದೆನೋವು ಎಂದು ಬರೆಸಿದ. ಶವ ಊರಿಗೆ ಹೋದ ಗಾಡಿಯಲ್ಲಿ ಗುರುಲಿಂಗನೂ ಕೂತಿದ್ದ. ಪರಶುನ ತಾಯಿ "ಏನಾತೋ ನನ್ನ ಮಗಗ" ಎಂದು ಕೇಳಿದಾಗ ಅವನ ಬಾಯಿಂದಲೂ ಎದೆನೋವು ಎಂಬುದೇ ಬಂತು. ಹಗ್ಗ ಹಿಡಿದಿದ್ದು ತಾನು, ಇಳಿ ಎಂದದ್ದು ತಾನು ಎಂಬುದನ್ನು ಸುಂದರವ್ವನಿಗೂ ಹೇಳಲಿಲ್ಲ.

ಆಮೇಲೆ, ಟ್ಯಾಂಕಿನ ಕೊಳೆ ಹೀರಿ ಒಯ್ಯುವ ಮಡಗಾಂವಿನ ಸಕ್ಷನ್ ಗಾಡಿಯ ಡ್ರೈವರ್ ರಾಜೇಸಾಬ ಒಂದು ದಿನ ಚಹಾ ಕುಡಿಯುತ್ತ ಅವನಿಗೆ ತಿಳಿಸಿ ಹೇಳಿದ. "ಹಗೇವಿನ ಗಾಳಿ ಬ್ಯಾರೆ, ಇದರ ಗಾಳಿ ಬ್ಯಾರೆ ಗುರಣ್ಣ. ಅಲ್ಲಿ ಉಸಿರಿಗೆ ಗಾಳಿ ಕಮ್ಮಿ, ಅದಕ್ಕ ದೀಪ ಆರತೈತಿ. ಇಲ್ಲಿ ವಿಷದ ಗ್ಯಾಸು. ಮೊದಲ ಕೊಳತ ತತ್ತಿ ನಾರಿದಂಗ ನಾರತೈತಿ, ಭಾಳಾತಂದ್ರ ಮೂಗ ಸತ್ತು ವಾಸನೀನ ಬರಂಗಿಲ್ಲ. ದೀಪಕ್ಕ ಅದು ತಿಳಿಯಂಗಿಲ್ಲ. ಕೆಲವೊಮ್ಮೆ ದೀಪದ್ಲೇ ಟಾಕಿ ಸಿಡೀತೈತಿ." ಗುರುಲಿಂಗ ಕಪ್ಪು ಕೆಳಗಿಟ್ಟ. ಆ ದಿನದಿಂದ ಕಂದೀಲು ಮುಟ್ಟಲಿಲ್ಲ, ಟ್ಯಾಂಕಿಗೂ ಇಳಿಯಲಿಲ್ಲ. ಪರಶುನ ತಮ್ಮ ಬಾಲಪ್ಪನನ್ನು ಊರಿಂದ ಕರೆಸಿ ರೆಸಾರ್ಟಿನಲ್ಲಿ ಪ್ಲಂಬರ್ ಕೆಲಸಕ್ಕೆ ಹಚ್ಚಿದ. ಅದೊಂದು ಪ್ರಾಯಶ್ಚಿತ್ತ ಎಂದುಕೊಂಡಿದ್ದನೋ ಏನೋ. ಬಾಯಿ ಬಿಡದೆ ಮಾಡುವ ಪ್ರಾಯಶ್ಚಿತ್ತ ಎಷ್ಟು ದಿನ ನಡೆದೀತು?

ಹೋದ ಡಿಸೆಂಬರಿನ ಕೊನೆಯ ವಾರ. ಅರವತ್ತನಾಲ್ಕೂ ಖೋಲಿ ತುಂಬಿದ್ದವು. ಹುಲ್ಲುಹಾಸಿನ ಮೇಲೆ ದೊಡ್ಡವರ ಮನೆಯ ಮದುವೆ, ಹನ್ನೆರಡಕ್ಕೆ ಮುಹೂರ್ತ. ಬೆಳಿಗ್ಗೆ ಎಂಟರ ಹೊತ್ತಿಗೆ ಕೊಳೆನೀರು ಕೂಡುವ ಮೊದಲ ಟ್ಯಾಂಕಿನ ಪಂಪು ಗುರ್ರೆಂದು ನಿಂತಿತು. ಬಾಯಿಗೆ ಏನು ಸಿಕ್ಕಿಕೊಂಡಿದೆ ಎಂದು ಗುರುಲಿಂಗನಿಗೆ ನೋಡದೆಯೇ ಗೊತ್ತು. ಮಕ್ಕಳ ಡೈಪರು, ಮುಖ ಒರೆಸಿ ಎಸೆದ ಒದ್ದೆ ಹಾಳೆಗಳು. 'ದಯವಿಟ್ಟು ಸಂಡಾಸಿಗೆ ಹಾಕಬೇಡಿ' ಎಂದು ಪ್ರತಿ ಖೋಲಿಯಲ್ಲಿ ಬರೆದು ಅಂಟಿಸಿದ್ದರ ಕೆಳಗೇ ನಿಂತು ಹಾಕಿದವು. ಎರಡನೆಯ ಪಂಪು ರಿಪೇರಿಗೆ ಹೋಗಿ ಎರಡು ತಿಂಗಳಾಗಿತ್ತು. ಅದು ಬರಲಿಲ್ಲ ಎಂದು ಗುರುಲಿಂಗ ನಾಲ್ಕು ಸಲ ಹೇಳಿದ್ದ.

ಮ್ಯಾನೇಜರ್ ಕಾರವಾರದವನು, ಕೆಟ್ಟ ಮನುಷ್ಯನೇನಲ್ಲ. ಆದರೆ ಕಿವಿಯಲ್ಲಿ ಮಾಲೀಕನ ಫೋನು ಕೂಗುತ್ತಲೇ ಇತ್ತು.

"ಎಷ್ಟು ಹೊತ್ತಿದೆ ಮಾರಾಯಾ?"

"ಹನ್ನೊಂದಕ್ಕ ತುಂಬತೈತ್ರಿ. ಆಮ್ಯಾಲ ಕೆಳಗಿನ ಖೋಲಿಗಳ ಸಂಡಾಸಿನಿಂದ ವಾಪಸ್ ಏರತೈತಿ. ಸಕ್ಷನ್ ಗಾಡಿ ಕರೀರಿ, ಈಗ ಕರದ್ರ ಒಂದರೊಳಗ ಬರತೈತಿ."

"ಆ ಗಾಡಿ ಎಲ್ಲಿ ನಿಲ್ಲೂದು? ಹುಲ್ಲಿನ ಬದಿಗೇ. ಮದುವೆ ಫೋಟೋದಲ್ಲಿ ಹೇಲಿನ ಗಾಡಿ ಬಂದ್ರೆ ಮಾಲಕರು ನನ್ನನ್ನೇ ಆ ಟ್ಯಾಂಕಿಗೆ ಹಾಕ್ತಾರೆ. ಸಂಜೆಗೆ ಕರೆಯುವಾ. ಈಗ ಯಾರಾದ್ರೂ ಇಳಿದು ಪಂಪಿನ ಬಾಯಿ ಬಿಡಿಸಿ. ಹತ್ತು ನಿಮಿಷದ ಕೆಲಸ ಅಲ್ಲವಾ?"

"ಇಳಿಯಾಕ ಆಗಂಗಿಲ್ರಿ."

"ನೀನೇ ಎಷ್ಟು ಸಲ ಇಳಿದಿಲ್ಲ?"

ಆಗಲೇ ಬಾಲಪ್ಪ ಬಂದ. ಭುಜಕ್ಕೆ ಹಗ್ಗದ ಸಿಂಬಿ, ಕೈಯಲ್ಲಿ ಕಂದೀಲು. ಊರಿಂದ ಬರುವಾಗ ಅಣ್ಣನ ನೆನಪಿಗೆಂದು ತಂದಿಟ್ಟುಕೊಂಡಿದ್ದ ಅದೇ ಕಂದೀಲು. ಪರ್ವರಿಯಿಂದ ಪರಶುನ ಬಟ್ಟೆಬರೆಯ ಗಂಟಿನೊಳಗೆ ಅದನ್ನು ಕಟ್ಟಿ ಊರಿಗೆ ಕಳಿಸಿದವನು ಗುರುಲಿಂಗನೇ.

"ನಾ ಇಳೀತೀನ್ರಿ ಸರ್," ಎಂದ ಬಾಲಪ್ಪ.

ಮ್ಯಾನೇಜರನ ಮುಖ ಅರಳಿತು. "ಇಂಥವನು ಬೇಕು. ಹೊಸ ವರ್ಷಕ್ಕೆ ನಿನ್ನನ್ನು ಪರ್ಮನೆಂಟ್ ಮಾಡಿಸುವುದು ನನ್ನ ಜವಾಬ್ದಾರಿ." ಅಷ್ಟು ಹೇಳಿ ಮಂಟಪದ ಕಡೆ ಓಡಿದ.

ಟ್ಯಾಂಕಿನ ಬಾಯಿಗೆ ಎರಡು ಕೈ ಅಗಲದ ಕಬ್ಬಿಣದ ಮುಚ್ಚಳ. ಬಾಲಪ್ಪ ಅದರತ್ತ ಬಾಗುವ ಮೊದಲೇ ಗುರುಲಿಂಗ ಹೋಗಿ ಅದರ ಮೇಲೆ ಎರಡೂ ಕಾಲೂರಿ ನಿಂತ.

"ಆ ಕಡೆ ಸರಿ ಅಣ್ಣಾ."

"ಸರಿಯಂಗಿಲ್ಲ."

"ಯಾಕ? ನೀ ಇಳಿಯಂಗಿಲ್ಲ, ಇಳಿಯೋರಿಗೂ ಬಿಡಂಗಿಲ್ಲ. ವಯಸ್ಸಾತು, ಅಂಜಿಕಿ ಬಂತು ಅಂತ ಹೇಳಿಬಿಡು, ನಾ ಏನೂ ಅನ್ನಂಗಿಲ್ಲ."

"ಅಂಜಿಕಿ ಬಂದೈತಿ ಖರೇನ. ಆ ಕಂದೀಲು ದೂರ ಇಡು. ಕಡ್ಡಿ ಗೀರಬ್ಯಾಡ ಇಲ್ಲಿ."

"ಕಂದೀಲು ಬಿಟ್ಟು ಇಳಿಯೋ ಹುಚ್ಚ ನಾ ಅಲ್ಲ. ನಮ್ಮಣ್ಣಗ ಇದನ್ನ ಕಲಿಸಿದಾಂವ ನೀನ ಅಲ್ಲೇನು? ಉರಿದ್ರ ಇಳೀತೀನಿ, ಆರಿದ್ರ ಬಿಡ್ತೀನಿ. ಮತ್ತೇನೈತಿ?"

ಕಾಲಡಿಯ ಮುಚ್ಚಳದ ಸಂದಿಯಿಂದ ವಾಸನೆ ಬರುತ್ತಿತ್ತು. ಕೆಳಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅರವತ್ತನಾಲ್ಕು ಖೋಲಿಯವರೂ ಮದುವೆಗೆಂದು ಸ್ನಾನಕ್ಕಿಳಿದಿದ್ದಾರೆ. ನೀರು ನಿಲ್ಲಿಸುವ ದಾರಿ ಒಂದೇ. ಮೇಲಿನ ಟಾಕಿಯಿಂದ ಇಳಿಯುವ ದೊಡ್ಡ ವಾಲ್ವು ಮುಚ್ಚಬೇಕು. ನಲ್ಲಿ ಬಂದಾದರೆ ಕೊಳೆಯೂ ಬಂದಾಗುತ್ತದೆ. ವಾಲ್ವು ಇದ್ದದ್ದು ನಲವತ್ತು ಹೆಜ್ಜೆ ದೂರದಲ್ಲಿ, ಲಾಂಡ್ರಿಯ ಹಿಂದೆ. ಅಲ್ಲಿಗೆ ಹೋಗಿ ಬರುವುದರೊಳಗೆ ಬಾಲಪ್ಪ ಮುಚ್ಚಳ ತೆಗೆದು ಇಳಿದಿರುತ್ತಾನೆ. ನಿಂತಲ್ಲೇ ನಿಂತರೆ ಟ್ಯಾಂಕು ತುಂಬುತ್ತದೆ, ಮ್ಯಾನೇಜರ್ ನಾಲ್ಕು ಜನರನ್ನು ಕರೆತಂದು ಎಳೆದು ಹಾಕಿಸುತ್ತಾನೆ.

"ಸುಂದ್ರೀ," ಎಂದು ಕೂಗಿದ.

ಸುಂದರವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ಏನ್ರಿ, ಹಿಂಗ್ಯಾಕ ನಿಂತೀರಿ ದೇವರ ಹಂಗ?"

"ದೊಡ್ಡ ವಾಲ್ವು ಮುಚ್ಚು. ಕೆಂಪು ಚಕ್ರ, ಬಲಕ್ಕ ತಿರುವು. ಪೂರಾ ಮುಚ್ಚು."

"ಮದುವಿ ಮನ್ಯಾಗ ನೀರು ಬಂದ್ ಮಾಡೂದಾ? ಕೆಲಸ ಉಳೀತೈತೇನ್ರಿ ಆಮ್ಯಾಲ?"

"ನೋಡು ವೈನಿ," ಎಂದು ಬಾಲಪ್ಪ ನಕ್ಕ. "ಹತ್ತು ನಿಮಿಷದ್ದು. ನಮ್ಮ ಅಣ್ಣ ಇದ್ದಿದ್ರ ಇಷ್ಟೊತ್ತಿಗೆ ಇಳದು, ಬಿಡಿಸಿ, ಜಳಕಾನೂ ಮಾಡಿರತಿದ್ದ." ಹಾಗೆನ್ನುತ್ತ ಗುರುಲಿಂಗನ ರಟ್ಟೆಗೆ ಕೈ ಹಾಕಿ ಎಳೆದ. ಮೂವತ್ತರ ಹರೆಯದ ಕೈ. ಗುರುಲಿಂಗನ ಒಂದು ಕಾಲು ಮುಚ್ಚಳದಿಂದ ಜಾರಿತು.

"ನಿಮ್ಮಣ್ಣ ಎದಿನೋವಿನಿಂದ ಸಾಯಲಿಲ್ಲ ಬಾಲ್ಯಾ."

ಬಾಲಪ್ಪನ ಕೈ ಹಾಗೇ ನಿಂತಿತು.

"ಟಾಕಿಯೊಳಗ ಸತ್ತ. ಪರ್ವರಿಯಾಗ. ಹಗ್ಗ ಹಿಡದಿದ್ದಾಂವ ನಾನು. ಇಳಿ ಅಂದಾಂವ ನಾನು."

ಸುಂದರವ್ವ ಗಂಡನ ಮುಖ ನೋಡಿದಳು. ತಿರುಗಿ ಲಾಂಡ್ರಿಯ ಹಿಂದಕ್ಕೆ ಓಡಿದಳು.

ಬಾಲಪ್ಪ ರಟ್ಟೆ ಬಿಟ್ಟು ಕೈಯಲ್ಲಿದ್ದ ಕಂದೀಲನ್ನು ನೋಡಿದ. ಹುಲ್ಲಿನ ಕಡೆಯಿಂದ ಶಹನಾಯಿ ಕೇಳುತ್ತಿತ್ತು. ಕೊನೆಗೆ ಕೇಳಿದ, "ದೀಪ?"

"ಉರೀತಿತ್ತು."

"ಸುಳ್ಳ ಹೇಳಬ್ಯಾಡ."

"ನಿಮ್ಮವ್ವನ ಮುಂದ ಹೇಳಿದ ಸುಳ್ಳಽ ಸಾಕಾಗೇತಿ. ಚಲೋ ಉರೀತಿತ್ತು. ಅಂವ ಬಿದ್ದ ಮ್ಯಾಲೂ ಉರೀತಿತ್ತು. ಆ ಬೆಳಕಿನ್ಯಾಗನ ನಾ ಅವನ್ನ ನೋಡಿದ್ದು."

ಬಾಲಪ್ಪ ಹೊಡೆಯುತ್ತಾನೆ ಎಂದುಕೊಂಡು ಗುರುಲಿಂಗ ಕಣ್ಣು ಮುಚ್ಚಿದ, ಕಾಲು ಮಾತ್ರ ತೆಗೆಯಲಿಲ್ಲ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಬಾಲಪ್ಪ ಕಂದೀಲನ್ನು ದೂರದ ಕಲ್ಲಿನ ಮೇಲಿಟ್ಟು, ಅದಕ್ಕೆ ಬೆನ್ನು ಹಾಕಿ ಕೂತಿದ್ದ. "ಮೂರು ವರ್ಷ ನಿನ್ನ ಮನ್ಯಾಗ ಉಂಡೇನಿ," ಎಂದ. "ಮೂರು ವರ್ಷ. ಒಂದ ದಿನಾನೂ ಹೇಳಲಿಲ್ಲ ನೀ."

ಗುರುಲಿಂಗ ಜಾರಿದ ಕಾಲನ್ನು ಮತ್ತೆ ಮುಚ್ಚಳದ ಮೇಲಿಟ್ಟ.

ಅಷ್ಟರಲ್ಲಿ ನೀರು ನಿಂತಿತು. ಕಾಲಡಿಯ ಸುರಿಯುವ ಸದ್ದು ಮೊದಲು ಸಣ್ಣಗಾಗಿ, ಆಮೇಲೆ ಹನಿ ಹನಿಯಾಗಿ, ಇಲ್ಲವೇ ಇಲ್ಲವಾಯಿತು. ಅದರ ಬದಲಿಗೆ ಖೋಲಿಗಳ ಕಡೆಯಿಂದ ಕೂಗು ಶುರುವಾಯಿತು. ತಲೆಗೆ ಸಾಬೂನು ಹಚ್ಚಿಕೊಂಡವರು, ಮದುಮಗಳಿಗೆ ಅಲಂಕಾರ ಮಾಡುವವರು, ಎಲ್ಲರೂ ಫೋನು ಎತ್ತಿದರು. ಸ್ವಾಗತದ ಮೇಜಿನ ಅಶ್ವಿನಿ ಓಡಿ ಬಂದಳು. ವಾಸ್ಕೋದಲ್ಲಿ ಹುಟ್ಟಿ ಬೆಳೆದ ಹುಡುಗಿ, ಬಂದರದಲ್ಲಿ ಹಮಾಲಿ ಮಾಡಿದ ಧಾರವಾಡದ ಕಡೆಯವನ ಮಗಳು.

"ಕಾಕಾ, ಏನ್ ಮಾಡಿದ್ರಿ? ಎಲ್ಲಾರೂ ನನ್ನ ತಿನ್ನಾಕತ್ತಾರ."

"ಆಫೀಸಿನ ಗಾಜಿನ ಕಪಾಟಿನ್ಯಾಗ, ಸರ್ಟಿಫಿಕೇಟ್ ಬಾಜೂಕ ಒಂದು ಹಳದಿ ಮಿಷನ್ ಐತಿ ನೋಡವ್ವಾ. ಗ್ಯಾಸ್ ನೋಡೋದು. ತಗೊಂಡ ಬಾ."

"ಅದು ಚಾಲೂ ಐತೇನ್ರಿ? ಸರ್ ಬರೇ ಇನ್‌ಸ್ಪೆಕ್ಷನ್ ಬಂದಾಗ ತೋರಸ್ತಾರ."

"ಚಾಲೂ ಆಗದಿದ್ರ ಶೆಲ್ ಹಾಕು."

ಅವಳು ಟಿವಿಯ ರಿಮೋಟಿನಿಂದ ಶೆಲ್ ಕಿತ್ತು ಹಾಕಿಕೊಂಡು ತಂದಳು. ಮಿಷನ್ನಿನ ಬೆನ್ನಿಗೆ ಅಂಟಿಸಿದ್ದ ಚೀಟಿಯ ಪ್ರಕಾರ ಅದನ್ನು ಪರೀಕ್ಷೆ ಮಾಡಿಸಬೇಕಾಗಿದ್ದ ದಿನ ದಾಟಿ ಒಂದು ವರ್ಷವಾಗಿತ್ತು. ಆದರೂ ಹತ್ತಿಕೊಂಡಿತು. ಅದೇ ಹೊತ್ತಿಗೆ ಮ್ಯಾನೇಜರ್ ಇಬ್ಬರು ಸೆಕ್ಯುರಿಟಿಯವರನ್ನು ಕರೆದುಕೊಂಡು ಬಂದ. ಕೋಪದಿಂದ ಅವನ ಕೊರಳಿನ ನರ ಎದ್ದಿತ್ತು.

"ವಾಲ್ವು ಬಿಡಿಸ್ತೀಯೋ, ಇಲ್ಲ ಇವರ ಹತ್ರ ಎತ್ತಿಸಲೋ?"

"ಎತ್ತಸ್ರಿ. ಆದ್ರ ಮೊದಲ ಈ ಮಿಷನ್ ನೀವ ನಿಮ್ಮ ಕೈಯ್ಯಾರೆ ಟಾಕಿಯೊಳಗ ಇಳಿಬಿಡ್ರಿ."

ಗುರುಲಿಂಗ ಮುಚ್ಚಳದಿಂದ ಇಳಿದ. ಎಲ್ಲರನ್ನೂ ಗಾಳಿ ಬೀಸಿ ಬರುವ ಕಡೆಗೆ ನಿಲ್ಲಿಸಿ, ಸಲಾಕಿಯಿಂದ ಮುಚ್ಚಳವನ್ನು ನಾಲ್ಕು ಬೆರಳಷ್ಟು ಸರಿಸಿದ. ಮಿಷನ್ನಿಗೆ ಬಾಲಪ್ಪನ ಹಗ್ಗ ಕಟ್ಟಿ ಮ್ಯಾನೇಜರನ ಕೈಗೆ ಕೊಟ್ಟ. ಮ್ಯಾನೇಜರ್ ಬೇಡವೆನ್ನಲಾಗದೆ ಇಳಿಬಿಟ್ಟ. ಒಂದು ಮೊಳ ಇಳಿದಿರಲಿಲ್ಲ, ಮಿಷನ್ ಚೀರತೊಡಗಿತು. ಕೆಂಪು ದೀಪ ಮಿಣುಕಿತು. ಮೇಲೆ ಎಳೆದು ನೋಡಿದರೆ ಅಂಕಿಯೇ ಇಲ್ಲ, ಅದಕ್ಕೆ ಓದಲು ಬರುವುದಕ್ಕಿಂತ ಹೆಚ್ಚು ವಿಷ ಒಳಗಿದೆ ಎಂಬ ಗುರುತು ಮಾತ್ರ.

ಮಿಷನ್ ಚೀರುತ್ತಲೇ ಇತ್ತು. ಬಾಲಪ್ಪ ಎದ್ದು ಬಂದು ಆ ಕೆಂಪು ದೀಪವನ್ನು ನೋಡಿದ, ಆಮೇಲೆ ಮ್ಯಾನೇಜರನನ್ನು ನೋಡಿದ.

"ಹತ್ತು ನಿಮಿಷದ ಕೆಲಸ ಅಂದ್ರಿ," ಎಂದ.

ಮ್ಯಾನೇಜರ್ ಹಗ್ಗ ಕೆಳಗಿಟ್ಟು ಫೋನು ತೆಗೆದ. ಆ ಕಡೆ ಮಾಲೀಕ ಏನೋ ಕೂಗುತ್ತಿದ್ದ. ಅದನ್ನು ಕತ್ತರಿಸಿ ರಾಜೇಸಾಬನ ನಂಬರು ಹಚ್ಚಿದ. ಗಾಡಿ ಒಂದೂ ಕಾಲಿಗೆ ಗುಡ್ಡ ಹತ್ತಿತು. ಮದುವೆ ಮುಗಿದು ಮದುಮಗ ಮದುಮಗಳು ಕೂದಲಲ್ಲಿನ ಅಕ್ಷತೆಯೊಂದಿಗೇ ಫೋಟೋಕ್ಕೆ ನಿಂತಾಗ ಹಿಂದೆ ಅದು ನಿಂತೇ ಇತ್ತು, ದೊಡ್ಡ ಹಸಿರು ಪೀಪಾಯಿಯ ಹಾಗೆ. ಯಾರೂ ಟ್ಯಾಂಕಿಗೆ ಇಳಿಯಲಿಲ್ಲ. ಸಾಯಂಕಾಲ ನಾಲ್ಕಕ್ಕೆ ಪಂಪನ್ನು ಸರಪಳಿಯಿಂದ ಮೇಲೆ ಎಳೆದು, ಅದರ ಬಾಯಿಂದ ಒಂದು ಬುಟ್ಟಿ ಡೈಪರು ಬಿಡಿಸಿ, ಮತ್ತೆ ಇಳಿಬಿಟ್ಟರು.

ಮರುದಿನ ಗುರುಲಿಂಗನಿಗೆ ಬರಬೇಡ ಎಂದರು. ಕಾರಣ 'ಅತಿಥಿಗಳಿಗೆ ಅನಾನುಕೂಲ'. ಮನುಷ್ಯ ಸತ್ತರೆ ಎದೆನೋವು ಎಂದು ಬರೆಯುವವರು, ಉಳಿಸಿದರೆ ಅನಾನುಕೂಲ ಎಂದು ಬರೆಯುತ್ತಾರೆ. ಹದಿನಾರು ವರ್ಷದ ಲೆಕ್ಕ ಆ ಒಂದು ಸಾಲಿಗೆ ಮುಗಿಯಿತು. ಸುಂದರವ್ವನನ್ನು ಇಟ್ಟುಕೊಂಡಿದ್ದಾರೆ. ಅವಳು ವಾಲ್ವು ಮುಚ್ಚಿದ್ದನ್ನು ಗುರುಲಿಂಗ ತನ್ನ ಮೇಲೆ ಹಾಕಿಕೊಂಡ. ಅವನು ಈಗ ರಾಜೇಸಾಬನ ಗಾಡಿಯಲ್ಲಿ ಪೈಪು ಹಿಡಿಯುತ್ತಾನೆ.

ಬಾಲಪ್ಪ ಎರಡು ದಿನದ ರಜೆ ಹಾಕಿ ಊರಿಗೆ ಹೋಗಿ ತಾಯಿಗೆ ಎಲ್ಲ ಹೇಳಿ ಬಂದ. ಅವಳು ಏನೆಂದಳೋ ಯಾರಿಗೂ ಹೇಳಿಲ್ಲ. ಈಗ ಟ್ಯಾಂಕುಗಳ ಉಸ್ತುವಾರಿ ಅವನದೇ, ಪರ್ಮನೆಂಟ್ ಕೂಡ ಆಗಿದೆ. ಹಳದಿ ಮಿಷನ್ನನ್ನು ಕಪಾಟಿನಿಂದ ತೆಗೆದು ಕೊರಳಿಗೆ ಹಾಕಿಕೊಂಡೇ ಕೆಲಸ ಮಾಡುತ್ತಾನೆ. ಸರ್ಟಿಫಿಕೇಟಿನ ಪಕ್ಕದ ಜಾಗ ಖಾಲಿ ಕಾಣುತ್ತದೆ, ವಾಪಸ್ ಇಡು ಎಂದು ಮ್ಯಾನೇಜರ್ ಹೇಳಿದಾಗ, "ನನ್ನ ಜಾಗಾನೂ ಖಾಲಿ ಆಗತಿತ್ರಿ" ಎಂದನಂತೆ. ಗುರುಲಿಂಗನ ಮನೆಗೆ ಅವನು ಹೋಗುವುದಿಲ್ಲ. ಸಕ್ಷನ್ ಗಾಡಿ ಬಂದ ದಿನ ಇಬ್ಬರೂ ಒಂದೇ ಪೈಪಿನ ಎರಡು ತುದಿ ಹಿಡಿಯುತ್ತಾರೆ, ಮಾತಾಡುವುದಿಲ್ಲ.

ಒಬ್ಬ ಬದುಕಿದ. ಅವನು ಬದುಕಿದ್ದು ಕಾನೂನಿನಿಂದ ಅಲ್ಲ, ಸರ್ಟಿಫಿಕೇಟಿನಿಂದ ಅಲ್ಲ, ನಿಮ್ಮಿಂದ ನನ್ನಿಂದ ಅಂತೂ ಅಲ್ಲವೇ ಅಲ್ಲ. ಒಬ್ಬ ಮನುಷ್ಯ ತನ್ನ ಮಾನ, ಅನ್ನ ಎರಡನ್ನೂ ಮುಚ್ಚಳದ ಮೇಲಿಟ್ಟು ನಿಂತದ್ದರಿಂದ. ಎಲ್ಲ ಟ್ಯಾಂಕಿನ ಮೇಲೂ ಅಂಥವನೊಬ್ಬ ನಿಂತಿರುವುದಿಲ್ಲ.

ಅದಕ್ಕೇ ಈಗ ಏಳಿ. ನೀವಿರುವ ಅಪಾರ್ಟ್‌ಮೆಂಟಿನ ಕೆಳಗೂ ಒಂದು ಟ್ಯಾಂಕಿದೆ. ಮುಂದಿನ ವಾರ ಉಳಿಯಲು ಬುಕ್ ಮಾಡಿದ ಹೋಟೆಲಿನ ಹಿಂದೆಯೂ ಇದೆ. ಅದು ಕಟ್ಟಿಕೊಂಡರೆ ಯಾರನ್ನು ಇಳಿಸುತ್ತೀರಿ ಎಂದು ಅಲ್ಲಿನವರನ್ನು ಕೇಳಿ. ಗ್ಯಾಸ್ ನೋಡುವ ಮಿಷನ್ ತಂದು ನಿಮ್ಮ ಕಣ್ಣೆದುರು ಹಚ್ಚಿ ತೋರಿಸಲು ಹೇಳಿ. ತೋರಿಸದಿದ್ದರೆ, ತೋರಿಸುವ ತನಕ, ಅಲ್ಲಿನ ನಲ್ಲಿಗೆ ಕೈ ಹಾಕಬೇಡಿ.